ಎಂಟಾಣೆ

ಪ್ರೇತದ ಪಲ್ಲಕ್ಕಿ ಕೆಟ್ಟ ಸಿನಿಮಾ ಅಂತ
ನಾನೂ ಒಪ್ಪತೀನಿ ಪರಪ್ಪ, ಮೊದಲ ಚಹಾ ಹೇಳು.
ಸತ್ತು ನೂರು ವರ್ಷ ಆದಾಕಿ ಕೈಯಾಗ ವಾಚು,
ಅದೂ ಬರೋಬ್ಬರಿ ನಡೀತಿತ್ತು: ಹತ್ತೂ ಇಪ್ಪತ್ತು.
ಹಗಲಿನ ಹತ್ತೂ ಇಪ್ಪತ್ತು!
ಪರದೆ ಮ್ಯಾಲ ನಡುರಾತ್ರಿ, ನೀಲಿ ಗಾಜು ಹಚ್ಚಿದ ರಾತ್ರಿ,
ಬೇವಿನ ಗಿಡದ ನೆರಳು ಮಾತ್ರ
ಬಿಸಲಾಗ ಬಿದ್ದಂಗ ಚೂಪಗೆ ಬಿದ್ದಿತ್ತು.

ಆದ್ರ ನಾ ಅದನ್ನ ಐದು ಸಲ ನೋಡೀನಿ.
ಅಷ್ಟು ಮನಸಿಟ್ಟು ಕೆಟ್ಟ ಸಿನಿಮಾ ಮಾಡೂದು
ಎಲ್ಲಾರ ಕೈಲೆ ಆಗೂದಿಲ್ಲ.
ಪಲ್ಲಕ್ಕಿ ಹೊತ್ತ ನಾಲ್ಕು ಹೆಣದಾಗ ಒಂದಕ್ಕ ಸೀನು ಬಂತು,
ತಡಕೊಂಡ್ತು ನೋಡು, ಮೂಗು ನಡುಗಿಸಿ.
ಆ ತಡಕೊಳ್ಳೂದರಾಗ ಇದ್ದ ನಿಷ್ಠಾ
ಹೀರೋನ ಎರಡೂವರಿ ತಾಸಿನಾಗ ಇರಲಿಲ್ಲ.

ಮಂಗಳ ಲೋಕದ ಮೈದುನ ಬ್ಯಾರೆ ಮಾತು.
ಅದಕ್ಕ ಕ್ಷಮಾ ಇಲ್ಲ.
ಆಕಾಶದಿಂದ ಇಳದಾವನ ತಲಿ ಮ್ಯಾಲ ಇಡ್ಲಿ ಪಾತ್ರಿ.
ಇರಲಿ, ಬಡವರ ರಾಕೆಟ್ಟು, ತಪ್ಪಲ್ಲ.
ಆ ಪಾತ್ರಿಗೆ ತಾವ ನಕ್ಕೋತ ಮಾಡ್ಯಾರಲ್ಲ, ಅದು ತಪ್ಪು.
ನಗೂದನ್ನೂ ಅವರ ಮುಗಿಸಿಬಿಟ್ರ
ಇಪ್ಪತ್ತು ರೂಪಾಯಿ ನಾವು ಯಾತಕ್ಕ ಕೊಡಬೇಕು?

ಬನಹಟ್ಟಿಗೆ ಸಿನಿಮಾ ತರಾವ್ರು ಒಂದು ತಿಳಕೋಬೇಕಿತ್ತು:
ಇಲ್ಲಿ ಓಣಿಗೆ ನಲವತ್ತು ಪವರ್‌ಲೂಮು.
ಖಟಕ್ ಖಟಕ್ ಸಪ್ಪಳದಾಗ ಬೆಳದ ಕೂಸಿಗೆ
ಕಿವಿಗಿಂತ ಮೊದಲ ಕಣ್ಣು ಕೇಳಾಕ ಕಲೀತಾವು.
ನಾವು ತುಟಿ ಓದೂ ಮಂದಿ.
ಡಬ್ಬಿಂಗಿನಾಕಿ, ‘ಪ್ರಾಣನಾಥಾ, ನನ್ನ ಬಿಟ್ಟು ಹೋಗಬೇಡಿ’ ಅಂತಾಳ,
ಮುಂಬೈದಿಂದ ಬಂದ ಹೀರೋಯಿನ್ ತುಟಿ
ಪಾಂಚ್, ಛೇ, ಸಾತ್, ಆಠ್ ಅಂತ ಎಣಿಸತಾವು.
ಹನ್ನೊಂದಕ್ಕ ಆಕಿ ಕಣ್ಣಾಗ ನೀರು,
ಹನ್ನೆರಡಕ್ಕ ಇಡೀ ಟಾಕೀಸಿನಾಗ ಸೀಟಿ.

ಈಗ ಚಿಲ್ಲರಿ ನಾಳೆ. ಅದಕ್ಕ ಸ್ವಲ್ಪ ಸರಿಯಾಗಿ ಕೂಡು.
ಮೂರು ದಿನ ಓಡಿತು. ಎರಡನೇ ದಿನ ಹನ್ನೊಂದು ಮಂದಿ,
ಅದರಾಗ ಇಬ್ರು ಕರೆಂಟ್ ಹೋಗಿ ಮಗ್ಗ ನಿಂತಾವಂತ ಬಂದಾವ್ರು,
ಟಾಕೀಸಿಗೆ ಜನರೇಟರ್ ಐತಿ ಅಂತ ಬಂದಾವ್ರು:
ನೀನೂ ನಾನೂ.
ಹೊಡದಾಟ ಇಲ್ಲ, ಹಾಡಿಲ್ಲ, ಬಸ್ಸೂ ಅಷ್ಟ ಜೋರ ಹೋಗೂದಿಲ್ಲ.
ಟಿಕೆಟಿನ ಹಿಂದ ಕಂಡಕ್ಟರ್ ಬಾಕಿ ಬರದು ಕೊಡತಾನ,
ಒಬ್ಬಾಕಿ ಇಸಗೊಳ್ಳದ ಇಳದು ಹೋಗತಾಳ.
ರಿಟಾಯರ್ ಆದ ಮ್ಯಾಲ ಆಕಿನ್ನ ಹುಡುಕತಾನ. ಅಷ್ಟ.
‘ಕಥಿ ಎಲ್ಲೈತಿ?’ ಅಂದಿದ್ರು ಗೇಟಿನಾವ್ರು.

ಕಡೀಗೆ ಮುಧೋಳದಂಥಾ ಯಾವದೋ ಸ್ಟ್ಯಾಂಡಿನಾಗ
ಆಕಿ ಅಂಗೈಯಾಗ ಹನ್ನೊಂದು ರೂಪಾಯಿ ಎಣಿಸಿ ಇಡತಾನ.
ಆಕಿ ಬಾಯಿ ತೆರೀತಾಳ,
ಅದ ಹೊತ್ತಿಗೆ ಬಸ್ಸು ಹಾರ್ನ್ ಹೊಡೀತೈತಿ.
ಮಾತು ಯಾರಿಗೂ ಕೇಳೂದಿಲ್ಲ.
ಒಂಬತ್ತು ಮಂದಿ ‘ಸೌಂಡ್! ಸೌಂಡ್!’ ಅಂತ ಒದರಿದ್ರು,
ನಾವಿಬ್ರೂ ಉಸರ ಬಿಡಲಿಲ್ಲ.

‘ಇನ್ನೂ ಎಂಟಾಣೆ ಬರಬೇಕು’ ಅಂದ್ಲು ಆಕಿ.
‘ಇನ್ನೂ ಎಂಟು ದಿನ ಇರಬೇಕು’ ಅಂತ ನಿನ್ನ ವಾದ.
ಪರಪ್ಪ, ಬ ಅಂದ್ರ ತುಟಿ ಕೂಡಬೇಕು,
ಆಕಿ ತುಟಿ ಎರಡು ಸಲ ಕೂಡಿದ್ವು, ನಾ ನೋಡೀನಿ.
‘ಮೊದಲನೇದು ಅಕ್ಷರ ಅಲ್ಲೋ’ ಅಂತೀದಿ ನೀ,
‘ಅಳು ಕಚ್ಚಿ ಹಿಡದದ್ದು.’
ಹತ್ತೊಂಬತ್ತು ವರ್ಷ ಆತು.
ರೀಲು ಎಲ್ಲೈತೋ, ಯಾವ ಗೋದಾಮಿನಾಗ ಇಲಿ ತಿಂದಾವೋ.
ತೆಗದಾವಾ ಮತ್ತೊಂದು ತೆಗೀಲಿಲ್ಲ.
ಕೇಳಬೇಕಂದ್ರ ಹನ್ನೊಂದು ಮಂದ್ಯಾಗ
ನೀ ಒಬ್ಬಾವ ಉಳದಿ, ನೀನೂ ಸುಳ್ಳ ಹೇಳತಿ.

ಕರೆಂಟ್ ಬಂತು. ಏಳು.
ಲಾಳಿ ಓಡಾಕ ಹತ್ತೇತಿ, ಮಾತು ಮುಳಗೇತಿ.
ನಾಲ್ಕು ಮಗ್ಗದ ಆಚೆ ನಿಂತು ನೀ ಒಂದು ಬೆರಳ ಎತ್ತಿದಿ.
ನಾನು ಎರಡು ಎತ್ತಿದೆ.
ಬಾಗಲದಾಗ ನಿಂತಿದ್ದ ಚಹಾದ ಹುಡುಗ
ಇಬ್ಬರನ್ನೂ ನೋಡಿ, ಕೂಡಿಸಿ,
ಮೂರು ಕಪ್ಪು ತಂದ.