ಮೆಟ್ಟಿಲ್ಲದ ವಾದ್ಯ

ಶುಬ್ರಾದ ಆ ಕಟ್ಟಡದ ಲಿಫ್ಟು ಕೆಟ್ಟು
ಎರಡು ರಂಜಾನ್ ಕಳೆದಿದ್ದವು.
ಏಳನೇ ಮಹಡಿಯ ಇನ್ಶಿರಾಹ್ ಬಾಲ್ಕನಿಯಿಂದ
ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು
ರೊಟ್ಟಿ, ಮಾತ್ರೆ, ಕೆಳಗಿನವರ ಸುದ್ದಿ
ಎಲ್ಲ ಸೇದಿಕೊಳ್ಳುತ್ತಿದ್ದಳು.
ನನ್ನನ್ನು ಮಾತ್ರ ಸೇದಲಾಗಲಿಲ್ಲ:
ಹೆಗಲಿಗೆ ಸ್ಪಾನರಿನ ಚೀಲ, ನೂರಾ ನಲವತ್ತು ಮೆಟ್ಟಿಲು.

ಕೂಲಿಗೆ ಯಾರೂ ದುಡ್ಡು ಕೂಡಿಸಿಲ್ಲ ಮೆತ್ವಲ್ಲಿ, ಎಂದಳು.
ಗೋಡೆಯ ಊದ್ ತೋರಿಸಿ: ಇದನ್ನು ಕಲಿಸಲೇ?

ಅಪ್ಪ ಕಾವಲುಗಾರ. ಮೆಟ್ಟಿಲ ಕೆಳಗಿನ ನಮ್ಮ ಕೋಣೆಯಲ್ಲಿ
ಗುರುವಾರ ರಾತ್ರಿ ರೇಡಿಯೋ ಹಾಡಿತೆಂದರೆ
ಒಂದೇ ಸಾಲು, ಏಳು ಸಲ, ಏಳು ಬಗೆ.
ಬೆರಳು ಮಡಿಸಿ ಎಣಿಸುತ್ತ ನಿದ್ದೆಹೋಗುತ್ತಿದ್ದೆ.
ಆ ಸಾಲು ಬೇಕು, ಎಂದೆ.
ಮೊದಲು ಕೂರುವುದು ಕಲಿ, ಎಂದಳು.

ದುಂಡು ಬೆನ್ನಿನ ವಾದ್ಯ ಮಡಿಲಲ್ಲಿ ನಿಲ್ಲದು,
ಎಣ್ಣೆ ಹಚ್ಚಿದ ಮಗುವಿನ ಹಾಗೆ ಜಾರುತ್ತದೆ.
ಶಾಂಪೂ ಡಬ್ಬಿ ಕತ್ತರಿಸಿ ಮೀಟುವ ಪಟ್ಟಿ ಮಾಡಿಕೊಟ್ಟಳು:
ನನ್ನ ಅಜ್ಜನಿಗೆ ಹದ್ದಿನ ಗರಿ ಸಿಗುತ್ತಿತ್ತು,
ನಿನಗೆ ಇದೇ ಹದ್ದು.

ಕತ್ತಿನ ಮೇಲೆ ಮೆಟ್ಟಿಲ್ಲ, ಗುರುತಿಲ್ಲ, ಬರೀ ಕರಿಮರ.
ಸೀಕಾ ಎಂಬ ಸ್ವರ ಎಲ್ಲಿದೆ ಎಂದರೆ
ಇಲ್ಲೂ ಅಲ್ಲ, ಅಲ್ಲೂ ಅಲ್ಲ.
ಕೂದಲೆಳೆಯಷ್ಟು ಮೇಲೆ ಹೋದರೆ ಮದುವೆ ಬ್ಯಾಂಡು,
ಕೆಳಗೆ ಬಂದರೆ ಅಳುಬುರುಕ.
ಆಗ ಅವಳು: ಎರಡು ಮಹಡಿ ನಡುವೆ ಸಿಕ್ಕಿಕೊಂಡವರನ್ನು
ಎಷ್ಟು ಸಲ ಹೊರಗೆಳೆದಿಲ್ಲ ನೀನು?
ಆ ಜಾಗ ನಿನಗೆ ಗೊತ್ತು. ಗಾಬರಿಯಾಗದೆ ಅಲ್ಲೇ ನಿಲ್ಲು.

ನಿಂತೆ. ಒಂದು ಸಲ. ಗ್ರೀಸುಗಪ್ಪು ಬೆರಳಿನ ಕೆಳಗೆ
ತಂತಿ ಹೂಂಗುಟ್ಟಿತು. ಮತ್ತೆ ಹುಡುಕಿದರೆ ಇಲ್ಲ.

ಇನ್ನು ಒಪ್ಪಿಕೊಳ್ಳುವುದು:
ಮೋಟರು ಸರಿಯಾಗಿ ಮೂರು ವಾರವಾಗಿತ್ತು.
ಬಿಡಿಭಾಗ ಬಂದರಿನಲ್ಲೇ ಇದೆ ಅನ್ನುತ್ತ
ದಿನಾ ಸಂಜೆ ಏದುಸಿರು ಬಿಟ್ಟುಕೊಂಡು ಹತ್ತುತ್ತಿದ್ದೆ.
ಬುಟ್ಟಿ ಇಳಿಯುತ್ತಲೇ ಇತ್ತು.
ಹಗ್ಗ ಅವಳ ಅಂಗೈಯಲ್ಲಿ ಗೆರೆ ಕೊರೆದದ್ದು
ಕಾಣಲಿಲ್ಲ ಅಂದರೆ ಸುಳ್ಳು.

ನಿನ್ನೆ ಬಿರಡೆ ತಿರುಗಿಸುತ್ತ, ನನ್ನತ್ತ ನೋಡದೆ ಅಂದಳು:
ಮೊನ್ನೆ ನಡುರಾತ್ರಿ ಲಿಫ್ಟು ಓಡಿಸಿದೆಯಲ್ಲ,
ನಾಲ್ಕನೆಯದು ದಾಟುವಾಗ ಶ್ರುತಿ ಇಳಿಯುತ್ತದೆ.
ನೋಡಿಕೋ.

ನನ್ನ ಕಿವಿ ಬಿಸಿಯಾಯಿತು.

ಈಗ ಆ ಸಾಲು, ಎಂದಳು.
ನುಡಿಸಿದೆ. ತಪ್ಪು. ಇನ್ನೊಮ್ಮೆ.
ಅದೂ ತಪ್ಪು, ಬೇರೆ ಬಗೆಯ ತಪ್ಪು.
ಬುಟ್ಟೀ, ಬುಟ್ಟೀ, ಎಂದು ಕೆಳಗೆ
ರೊಟ್ಟಿಯ ಹುಡುಗ ಕೂಗುತ್ತಿದ್ದ.
ಕೂಗಲಿ, ಎಂದಳು. ಎಷ್ಟಾಯಿತು?

ನಾಲ್ಕು, ಎಂದೆ.