ಹದಿನಾಲ್ಕನೇ ಪುಟಕ್ಕೆ ನಾನೇನೂ ಬರೆಯಲಿಲ್ಲ

ವಿರಾಜಪೇಟೆಯಲ್ಲಿ ಬೋರ್ಡು ಬರೆಯುವವನು ನಾನು.
ವೈನ್ ಶಾಪು, ಕಾಳುಮೆಣಸಿನ ಮಂಡಿ,
ಬಸ್ಸಿನ ಹಣೆಗೆ ದೇವರ ಹೆಸರು, ಬೆನ್ನಿಗೆ 'ಹಾರನ್ ಮಾಡಿ'.
ತಿಂಗಳಿಗೆ ನಾಲ್ಕು ರಾತ್ರಿ ಮಾತ್ರ
ಮಿಂಚುಳ್ಳಿಯ ಬಾಯಿ.

ಮಿಂಚುಳ್ಳಿ ಗೊತ್ತಲ್ಲ? ಹತ್ತು ರೂಪಾಯಿ, ಇಪ್ಪತ್ತನಾಲ್ಕು ಪುಟ,
ಕಪ್ಪು ಮತ್ತು ಒಂದೇ ಒಂದು ನೀಲಿ.
ಹಗಲು ಮಾಕುಟ್ಟದ ಬಸ್ಸಿನಲ್ಲಿ ಟಿಕೆಟು ಹರಿಯುತ್ತಾಳೆ,
ಯಾರಾದರೂ ಕೂಗಿದರೆ ಸೀಟಿ ಕಚ್ಚಿಕೊಂಡು
ಸಿಕ್ಕಿದ ನೀರಿಗೆ ಧುಮುಕುತ್ತಾಳೆ.
ಬರಪೊಳೆಯಲ್ಲಿ ಮುಳುಗಿ
ಕುಟ್ಟದ ಯಾರದೋ ಬಾವಿಯಲ್ಲಿ ಏಳುತ್ತಾಳೆ,
ಒಮ್ಮೆ ಎಮ್ಮೆಯ ಬಾನಿಯಲ್ಲಿ,
ಒಮ್ಮೆ ಠಾಣೆಯ ಕುಡಿಯುವ ನೀರಿನ ಹಂಡೆಯಲ್ಲಿ,
ಸಾಹೇಬರು ಲೋಟ ಅದ್ದುವ ಹೊತ್ತಿಗೆ ಸರಿಯಾಗಿ.

ಕೋವಿ ಯಾಕಿಲ್ಲ ಅವಳಿಗೆ, ಕೊಡಗಿನವಳಲ್ಲವಾ
ಎಂದು ಪ್ರತಿ ತಿಂಗಳೂ ಕಾಗದ.
ಮೊಯ್ದು ಉತ್ತರಿಸುತ್ತಾನೆ:
ನೆನೆದ ಮದ್ದು ಹತ್ತಿಕೊಳ್ಳುವುದಿಲ್ಲ ಸ್ವಾಮಿ.

ಕಥೆ ಅವನದು. ನಾಪೋಕ್ಲು ಆಸ್ಪತ್ರೆಯ ಕಂಪೌಂಡರು,
ಔಷಧಿ ಚೀಟಿಗಳ ಬೆನ್ನಿಗೆ ಬರೆಯುತ್ತಾನೆ.
ಚಿತ್ರ ಪೊನ್ನಂಪೇಟೆಯ ಚೋಂದಮ್ಮನದು.
ಮಾತು ಕಂಡರಾಗದು ಅವಳಿಗೆ.
ಒಂದು ಚೌಕಕ್ಕೆ ಅವನು ನಲವತ್ತು ಪದ ಸುರಿದರೆ
ಅವಳು ಬೆಟ್ಟವನ್ನು ಅಂಚಿನವರೆಗೂ ಎಳೆದು
ಒಂದಂಗುಲ ಆಕಾಶ ಬಿಡುತ್ತಾಳೆ.
ಅಷ್ಟರಲ್ಲೇ ಗುಳ್ಳೆ ಊದಬೇಕು ನಾನು,
ಒತ್ತಕ್ಷರಗಳ ಕಾಲು ಮಡಚಿ, ದೀರ್ಘಗಳ ಬಾಲ ಮೊಟಕಿಸಿ.
ಇಬ್ಬರೂ ಬಯ್ಯುವುದು ನನ್ನನ್ನೇ.

ಸದ್ದು ಮಾತ್ರ ಪೂರಾ ನನ್ನದು.
ಮುಳುಗುವಾಗ ಗುಳುಂ. ಏಳುವಾಗ ಭಳ್.
ಮರಗಳ್ಳನ ಜೀಪು ಕೆಸರಿಗೆ ಕಚಕ್.
ಡಬ್ ಎಂದರೆ ದಿಂಬು ಬಿದ್ದ ಹಾಗೆ;
ಕೆಳಗೆ ಹೊಟ್ಟೆ ಸೀಳಿ
ಢಬ್ ಎಂದು ಬರೆದರೇ ಅದು ಗೋಡೆ.
ಇದು ನನಗೆ ಯಾರೂ ಕಲಿಸಿದ್ದಲ್ಲ.

ಮೂವತ್ತೇಳನೇ ಸಂಚಿಕೆಯ ಕಟ್ಟು ಬಂತು
ಸಂಜೆ ಬಸ್ಸಿನಲ್ಲಿ, ಡ್ರೈವರ್ ಸೀಟಿನಡಿ.
ಹದಿನಾಲ್ಕನೇ ಪುಟಕ್ಕೆ ಮೊಯ್ದುವಿನ ಒಂದೇ ಸಾಲು:
ಇಲ್ಲಿ ಅವಳು ತಡವಾಗಿ ಬರುತ್ತಾಳೆ.
ಚೀಟಿ ಮಗುಚಿದೆ.
ವಯಸ್ಸು ಆರು. ಜ್ವರ, ಐದನೇ ದಿನ. ಲೈನ್ ಮನೆ.
ಔಷಧಿಯ ಹೆಸರುಗಳ ಮೇಲೆ ಒಂದು ಅಡ್ಡಗೆರೆ.

ಚೋಂದಮ್ಮ ಆರು ಚೌಕ ಬರೆದಿದ್ದಳು.
ಅರ್ಧ ತೆರೆದ ತಗಡಿನ ಬಾಗಿಲು.
ನೆಲದ ಮೇಲೆ ಒಂದು ಲೋಟ, ಆ ಮನೆಯಲ್ಲಿದ್ದ ನೀರೆಲ್ಲ ಅದೇ,
ಇಡೀ ಪುಟದ ನೀಲಿಯೂ ಅದೇ.
ತಾಯಿಯ ಕೈ, ಮಗುವಿನ ತುಟಿ, ಓರೆಯಾದ ಲೋಟ.
ಕಿವಿ ನಿಮಿರಿಸಿದ ನಾಯಿ.
ಲೋಟದ ತಳ.
ಕೊನೆಯದರಲ್ಲಿ, ದೂರದ ನಲ್ಲಿತೊಟ್ಟಿಯಿಂದ
ಹೊಸ್ತಿಲವರೆಗೆ ಒದ್ದೆ ಹೆಜ್ಜೆ,
ಅಷ್ಟೆ. ಅವಳ ಮುಖವಿಲ್ಲ.
ಮೊದಲ ಬಾರಿಗೆ ಅರ್ಧ ಚೌಕ ಆಕಾಶ ಬಿಟ್ಟಿದ್ದಳು ನನಗೆ.

ನಾಯಿಗಾದರೂ ಒಂದು ಬೌ ಹಾಕೋಣ ಎಂದು
ಕುಂಚ ಅದ್ದಿದೆ. ಎತ್ತಿ ಹಿಡಿದೆ.
ಹಿಡಿದ ಹಾಗೆಯೇ ಶಾಯಿ ಒಣಗಿತು.
ಅಡಿಗೆ ಹದಿನಾಲ್ಕು ಎಂದಷ್ಟೇ ಬರೆದು
ಕಟ್ಟು ಪ್ರೆಸ್ಸಿಗೆ ಕೊಟ್ಟೆ.
ಅಂಕಿಯೂ ಸ್ವಲ್ಪ ಸೊಟ್ಟಗಿತ್ತು.

ಅಮ್ಮತ್ತಿಯ ಹುಡುಗಿಯೊಬ್ಬಳು ಕಾರ್ಡು ಹಾಕಿದ್ದಳು:
'ನಾಲ್ಕನೇ ಚೌಕದ ನಾಯಿ ಬೊಗಳಿದ್ದು
ನಮ್ಮ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.
ತಮ್ಮ ಹೆದರಿದ. ಅದನ್ನು ಬರೆದದ್ದು ಯಾರು?'

ಮುಂದಿನ ತಿಂಗಳು ಮತ್ತೆ ಬಸ್ಸು, ಸೀಟಿ, ಪೀಂ.
ಮೊಯ್ದು ಮತ್ತೆ ನಲವತ್ತು ಪದ, ಮತ್ತೆ ಜಗಳ.
ಆದರೆ ಈಗ ಚೋಂದಮ್ಮ ಪ್ರತಿ ಪುಟದಲ್ಲೂ
ಎಲ್ಲೋ ಒಂದು ಲೋಟ ಇಡುತ್ತಾಳೆ,
ಕಿಟಕಿಯಲ್ಲಿ, ಚೆಕ್‌ಪೋಸ್ಟಿನ ಮೇಜಿನಲ್ಲಿ,
ಖಳನ ಕಾಲ ಬಳಿ ಕೂಡ. ತುಂಬಿದ ಲೋಟ.
ಮೊಯ್ದು ಅದನ್ನು ಬರೆದಿರುವುದಿಲ್ಲ,
ಯಾಕೆಂದು ಕೇಳಿಯೂ ಇಲ್ಲ.

ನಾನು ಎಷ್ಟೇ ಇಕ್ಕಟ್ಟಾದರೂ
ಗುಳ್ಳೆಯನ್ನು ಒಂದಿಷ್ಟು ಸರಿಸುತ್ತೇನೆ,
ನೀರಿನ ಮೇಲೆ ಅಕ್ಷರ ಬೀಳದ ಹಾಗೆ.