ಗಂಜಾಮಿನಲ್ಲಿ ಅದಲುಬದಲು

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸುವಾಗ
ಪ್ರತಿವರ್ಷ ಅತ್ತೆಯ ಕೈಯಲ್ಲಿ ಒಂದು ಸರ ಹರಿಯುತ್ತದೆ.
ಹರಿದದ್ದು ಮತ್ತೆ ಗೊಂಬೆಯ ಕೊರಳಿಗೆ ಏರುವಂತಿಲ್ಲ, ಮನೆಯ ಕಟ್ಟಳೆ.
ಮಂಚದ ಕೆಳಗೆ ಉರುಳಿದ್ದನ್ನು
ಟಾರ್ಚು ಹಿಡಿದು, ಮಂಡಿಯೂರಿ, ನಾನು ಆರಿಸುತ್ತೇನೆ.
ನಶ್ಯದ ಡಬ್ಬಿಯಲ್ಲಿ ಈಗ ಏಳು ದಸರೆ.

ಎಲ್ಲವೂ ಗಾಜಲ್ಲ.
ಲೋಟದ ನೀರಿಗೆ ಹಾಕಿ ನೋಡಬೇಕು:
ಮುಳುಗಿದ್ದು ಮೀನಿಗೆ,
ತೇಲಿದ್ದು ಪಕ್ಕದ ಮನೆಯ ಮಗುವಿನ ಜಡೆಗೆ.

ಮಂಡಿ ಮೊಹಲ್ಲಾದಲ್ಲಿ ಅಪ್ಪ ಬಿಟ್ಟುಹೋದ ಮೂರಡಿಯ ಅಂಗಡಿ.
ಗಡಿಯಾರದ ಹಲ್ಲಿನ ಚಕ್ರ ಹಿಡಿಯುತ್ತಿದ್ದ ಪುಟ್ಟ ವೈಸು
ಈಗ ಗಾಳ ಕಚ್ಚಿಕೊಂಡು ಕೂತಿದೆ.
ಮೊದಲು ಗಾಳದ ಒಳಮುಳ್ಳನ್ನು
ಇಕ್ಕಳದಲ್ಲಿ ಒತ್ತಿ ಮಲಗಿಸಬೇಕು, ಅದನ್ನೂ.
ಆಮೇಲೆ ಮಣಿ, ತಲೆಗೆ.
ಆಮೇಲೆ ನಾಟಿ ಹುಂಜದ ಕುತ್ತಿಗೆಯ ಗರಿ,
ಗೌರಿ ಬಾಗಿನದ ರವಿಕೆ ಕಣದಿಂದ ಬಿಚ್ಚಿದ ಜರಿ.
ನಾಲ್ಕನೆಯ ಸುತ್ತಿಗೆ ನೊಣ ಆಗುತ್ತದೆ.
ಐದನೆಯದು ಸುತ್ತಿದರೆ
ಮದುವೆಗೆ ಹೊರಟ ನೊಣ.

ತಿಂಗಳ ಎರಡನೆಯ ಭಾನುವಾರ, ಸೋಪಾನಕಟ್ಟೆಯ ಮೇಲೆ ಆರು ಜನ.
ಒಬ್ಬೊಬ್ಬರೂ ಒಂದೇ ನಮೂನೆಯ ಆರು ತರಬೇಕು,
ಆರು ನಮೂನೆ ಒಯ್ಯಬೇಕು. ಒಂದು ನಿನ್ನದೇ, ನಿನಗೇ.
ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಆಗಿದ್ದ ಅಮಲನಾಥನ್
ಕ್ರಿಸ್‌ಮಸ್ ನಕ್ಷತ್ರದ ಚಿನ್ನದ ಮಣಿ ತರುತ್ತಾರೆ, ಆರೂ ಅಚ್ಚೊತ್ತಿದ ಹಾಗೆ.
ಕೋಳಿ ಅಂಗಡಿಯ ಖೈಸರ್, ಈದಿನ ಬುರ್ಖಾ ತೋಳಿನಿಂದ ಕಿತ್ತ ಕರಿಮಣಿ,
ಸಾಸಿವೆಗಿಂತ ಸಣ್ಣವು.
ಸಕ್ಕರೆ ಕಾರ್ಖಾನೆಯ ನಂಜರಾಜು
ಗಣೇಶ ಕರಗಿದ ಹೊಂಡದ ಕೆಸರಿಗೆ ಮೊಣಕೈ ಇಳಿಸಿ
ಕಿರೀಟ ಹುಡುಕುತ್ತಾನೆ.
ದಾಕ್ಷಾಯಣಿ ಮೇಡಂ ಕಟ್ಟಿದ್ದು ಯಾವುದೂ ನೊಣದ ಹಾಗಿಲ್ಲ,
ಮೀನುಗಳಿಗೆ ಅದೇ ಇಷ್ಟ.
ಲೋಹಿತನಿಗೆ ಆ ತಿಂಗಳು ಪರೀಕ್ಷೆ.

ಎರಡು ವರ್ಷ ಹರಿಗೋಲಿನಲ್ಲಿ ಕೂತು
ಬೀಡಿಯ ಹೊಗೆಯೊಳಗಿಂದ ನಮ್ಮನ್ನು ನೋಡಿದ್ದ ಅಂಕಯ್ಯ
ಅವತ್ತು ಮೆಟ್ಟಿಲು ಹತ್ತಿ ಬಂದ.
"ಸೊಳ್ಳೆಗೆ ಒಡವೆ ಇಕ್ಕಿ ಮೀನ್ಗೆ ಕೊಡ್ತೀರಿ,
ಮೀನ್ ಹಿಡುದು ಹೊಳೆಗೇ ಬುಡ್ತೀರಿ,
ಮನೆಗೇನ್ ತಕಂಡೋಯ್ತೀರಿ?"
ಅಮಲನಾಥನ್ ಕನ್ನಡಕ ಒರೆಸಿದರು, ಎರಡು ಸಲ.

"ಇರ್ಲಿ. ಆ ಹೈದನ್ ಜಾಗ ಇವತ್ತು ನಂದು."
ಮುತ್ತುಗದ ಎಲೆ ಬಿಚ್ಚಿದ:
ನೆಲ್ಲಿಕಾಯಿ ಗಾತ್ರದ ರಾಗಿ ಉಂಡೆ, ಆರು.
"ಒಂದೇ ನಮೂನೆ, ಎಣಿಸ್ಕಳಿ.
ಒಳಗೊಂದೊಂದು ಮಣಿ ಅದೆ, ನಿಮ್ ಲೆಕ್ಕಕ್ಕೆ."

ಯಾವ ಹಬ್ಬದ್ದು ಅಂತ ಹೇಳಲಿಲ್ಲ.
ಆಯುಧಪೂಜೆಗೆ ಹರಿಗೋಲಿನ ಅಂಚಿಗೆ ಕಟ್ಟಿದ್ದ ನೀಲಿ ಸರ
ಅವತ್ತು ಅಲ್ಲಿರಲಿಲ್ಲ.

ನಾವು ಮುಖ ಮುಖ ನೋಡಿಕೊಂಡೆವು.
ಆರು ಇರಬೇಕು ಅಂತ ಇದೆ. ಒಂದೇ ಥರ ಅಂತ ಇದೆ.
ಗಾಳ ಇರಬೇಕು ಅಂತ
ಯಾರೂ ಯಾವತ್ತೂ ಹೇಳಿಲ್ಲ.
"ಆಗುತ್ತೆ," ಅಂದರು ದಾಕ್ಷಾಯಣಿ ಮೇಡಂ.

ನಮ್ಮ ಐದು ನೊಣಗಳನ್ನು ತಲೆವಸ್ತ್ರದ ಮಡಿಕೆಗೆ ಚುಚ್ಚಿಕೊಂಡು
ಅಂಕಯ್ಯ ತನ್ನ ಪಾಲಿನ ಒಂದು ಉಂಡೆಯನ್ನು ಹಾಗೇ ಹೊಳೆಗೆ ಎಸೆದ.
ಬಿದ್ದಲ್ಲಿ ಕಾವೇರಿ ಒಂದು ಸಲ ಬಾಯಿ ತೆರೆದು
ಮುಚ್ಚಿತು.
ಬೆಳಗಿನ ಆರರಿಂದ
ನಮಗೆ ಒಂದು ಕಚ್ಚೂ ಸಿಕ್ಕಿರಲಿಲ್ಲ.

ನನ್ನ ಪಾಲಿನದು ಅಂಗಡಿಯ ಗಾಜಿನ ಕೆಳಗಿದೆ,
ನಿಂತುಹೋದ ಎರಡು ಎಚ್‌ಎಂಟಿಗಳ ನಡುವೆ.
ಹದಿನಾರನೆಯ ದಿನ ಒಣಗಿ ಸೀಳಿತು.
ಸೀಳಿನೊಳಗೆ ನೀಲಿ, ಸೂಜಿಮೊನೆಯಷ್ಟು.
ಮುಳುಗುವುದೋ ತೇಲುವುದೋ,
ಲೋಟದ ನೀರಿಗೆ ಹಾಕಿಲ್ಲ.

ಪಟ್ಟಿ ಬದಲಾಯಿಸಲು ಬಂದವರು ಬಗ್ಗಿ ನೋಡಿ ಕೇಳಿದರು:
"ಇದೂ ರಿಪೇರಿಗೆ ಬಂದದ್ದಾ?"
ಹೌದು, ಅಂದೆ.
ಇನ್ನೂ ಬಿಚ್ಚಿಲ್ಲ.